ಆಧಾರ ಯಾರ ಕೈಯಲ್ಲಿ? ಟ್ರೊವೇಸಿಯ ಧ್ವನಿಮುದ್ರಿಕೆಗಳನ್ನು ಕೇಳುವ ಬಗೆ

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿಗೆ ಒಗ್ಗಿದ ಕಿವಿಗೆ ಇಟಲಿಯ ಜಾನ್‌ಲುಯಿಜಿ ಟ್ರೊವೇಸಿ ಅವರ ಧ್ವನಿಮುದ್ರಿಕೆ ಶುರುವಿನಲ್ಲಿ ಅಪರಿಚಿತ ಅನಿಸುವುದಿಲ್ಲ. ವಾದ್ಯ ಅದೇ ಆಲ್ಟೊ ಸ್ಯಾಕ್ಸೋಫೋನು. ಸ್ವರವನ್ನು ಬಾಗಿಸುವುದು, ಜಾರಿಸುವುದು, ಉಸಿರಿನಲ್ಲೇ ಒತ್ತು ಕೊಡುವುದು ಎಲ್ಲ ಇದೆ. ಸ್ವಲ್ಪ ಹೊತ್ತಿಗೆ ಹಿಡಿತ ತಪ್ಪುತ್ತದೆ. ಕದ್ರಿಯವರ ಕಛೇರಿಯಲ್ಲಿ ಷಡ್ಜ ಕೊನೆತನಕ ಕದಲುವುದಿಲ್ಲ, ಅದನ್ನು ಶ್ರುತಿಪೆಟ್ಟಿಗೆಯೋ ತಂಬೂರಿಯೋ ಹಿಡಿದುಕೊಂಡಿರುತ್ತದೆ. ಟ್ರೊವೇಸಿ ಅವರಲ್ಲಿ ಕೆಳಗಿನ ಆಧಾರವೇ, ಅಂದರೆ ಮಟ್ಟು ನಿಂತಿರುವ ತಳದ ಸ್ವರವೇ, ಚಲಿಸುತ್ತದೆ. ಅದನ್ನು ಚಲಿಸುವಂತೆ ಮಾಡುವ ವಾದ್ಯವೂ ಒಂದು ಸಿಡಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ: ಒಮ್ಮೆ ಅಕಾರ್ಡಿಯನ್ನಿನ ಎಡಗೈ, ಒಮ್ಮೆ ಎರಡು ಡಬಲ್ ಬೇಸು (ಆಳೆತ್ತರದ, ತಗ್ಗು ದನಿಯ ಪಿಟೀಲಿನಂಥ ವಾದ್ಯ), ಒಮ್ಮೆ ಇಡೀ ಊರಿನ ಬ್ಯಾಂಡು. ಆಧಾರ ಯಾರ ಕೈಯಲ್ಲಿದೆ ಎಂದು ಹಿಡಿದುಕೊಂಡರೆ ಇವರ ಸಂಗೀತದಲ್ಲಿ ಗೋಜಲು ಅನಿಸುವ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಜಾಝೋ ಜಾನಪದವೋ ಒಪೆರಾವೋ ಎಂಬ ಪ್ರಶ್ನೆಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಟ್ರೊವೇಸಿ ಹುಟ್ಟಿದ್ದು 1944ರಲ್ಲಿ, ಉತ್ತರ ಇಟಲಿಯ ಬೆರ್ಗಮೊ ಪಕ್ಕದ ನೆಂಬ್ರೊ ಊರಿನಲ್ಲಿ. ಬೆರ್ಗಮೊ ಸಂಗೀತ ಶಾಲೆಯಲ್ಲಿ ಕ್ಲಾರಿನೆಟ್ ಕಲಿತು, 1978ರಿಂದ 1993ರವರೆಗೆ ಮಿಲಾನಿನ ಸರ್ಕಾರಿ ರೇಡಿಯೋದ ಬಿಗ್‌ಬ್ಯಾಂಡಿನಲ್ಲಿ ಮೊದಲ ಆಲ್ಟೊ ಮತ್ತು ಕ್ಲಾರಿನೆಟ್ ನುಡಿಸಿದರು. ರೇಡಿಯೋ ಬ್ಯಾಂಡಿನ ನೌಕರಿಯೆಂದರೆ ಎದುರಿಗಿಟ್ಟ ಹಾಳೆಯನ್ನು ಕಂಡಕೂಡಲೇ ನುಡಿಸಬೇಕು, ಒಂದೇ ಕಾರ್ಯಕ್ರಮದಲ್ಲಿ ಎರಡು ಮೂರು ವಾದ್ಯ ಬದಲಿಸಬೇಕು. ಆ ಪಳಗಿಕೆ ಅವರ ಎಲ್ಲ ಧ್ವನಿಮುದ್ರಿಕೆಗಳಲ್ಲೂ ಕೇಳುತ್ತದೆ. ಜಾಝ್ ಕಡೆಯಿಂದ ನೋಡಿದರೆ ಅಮೆರಿಕದ ಎರಿಕ್ ಡಾಲ್ಫಿಯ ಪ್ರಭಾವ ಸ್ಪಷ್ಟ. ಆಲ್ಟೊ ಸ್ಯಾಕ್ಸೋಫೋನು ಮತ್ತು ಬೇಸ್ ಕ್ಲಾರಿನೆಟ್ ಎರಡನ್ನೂ ಒಂದೇ ಸಭೆಯಲ್ಲಿ ನುಡಿಸುವ ದಾರಿಯನ್ನು ಗಟ್ಟಿ ಮಾಡಿದವನು ಡಾಲ್ಫಿ.

ಇನ್ನೊಂದು ಕಡೆ ಬೆರ್ಗಮೊ. ಅವರ 1978ರ ಮೊದಲ ಆಲ್ಬಂ ‘ಬಗೆಟ್’ ಹೆಸರು ಪಡೆದದ್ದು ಆ ಸೀಮೆಯ ಚೀಲವಾದ್ಯದಿಂದ. ಆ ಊರಿನ ಹೆಸರಲ್ಲೇ ಬೆರ್ಗಮಾಸ್ಕಾ ಎಂಬ ಹಳೆಯ ಕುಣಿತವೂ ಇದೆ. 1635ರಲ್ಲಿ ಫ್ರೆಸ್ಕೊಬಾಲ್ಡಿ ಎಂಬ ರೋಮಿನ ಆರ್ಗನ್ ವಾದಕ ಚರ್ಚಿಗಾಗಿ ಪ್ರಕಟಿಸಿದ ಸಂಗ್ರಹದಲ್ಲೂ ಅದು ಸೇರಿಕೊಂಡಿತು. ಅದರ ತಳದಲ್ಲಿ ಬೇಸ್ ಮೂರೇ ನಿಲ್ದಾಣಗಳಲ್ಲಿ ಸುತ್ತುತ್ತದೆ. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಸ, ಮ, ಪ, ಮತ್ತೆ ಸ. ಈಗ ಅಮೆರಿಕದ ಹನ್ನೆರಡು ಬಾರ್‌ಗಳ ಬ್ಲೂಸ್ ಹಾಡಿನ ಕಟ್ಟು ನೋಡಿ (ಬಾರ್ ಎಂದರೆ ತಾಳದ ಒಂದು ಸುತ್ತು): ನಾಲ್ಕು ಬಾರ್ ಸ, ಎರಡು ಮ, ಎರಡು ಸ, ಒಂದು ಪ, ಒಂದು ಮ, ಕೊನೆಗೆ ಎರಡು ಸ. ನಿಲ್ದಾಣಗಳು ಅವೇ ಮೂರು, ತಂಗುವ ಹೊತ್ತು ಮಾತ್ರ ಬೇರೆ. ನಾನೂರು ವರ್ಷದ ಹಳ್ಳಿ ಕುಣಿತದಿಂದ ಬ್ಲೂಸಿಗೆ ಯಾರಾದರೂ ದಾಟಿದರೆ ವಿಮರ್ಶಕರು ಅದನ್ನು ಭಾರಿ ಸಾಹಸ ಎಂದು ಬರೆಯುತ್ತಾರೆ. ಬೇಸ್ ನುಡಿಸುವವನಿಗೆ ಅದು ಮಾಮೂಲಿ ಹಾದಿ.

ಎಡಗೈಯ ಗುಂಡಿಗಳು

ಶುರು ಮಾಡಲು ಸುಲಭವಾದದ್ದು 2000ದಲ್ಲಿ ಇಸಿಎಂ ಎಂಬ ಧ್ವನಿಮುದ್ರಿಕೆ ಸಂಸ್ಥೆ ಹೊರತಂದ ‘ಇನ್ ಚೆರ್ಕಾ ದಿ ಚೀಬೊ’. ಇಬ್ಬರೇ ವಾದಕರು. ಟ್ರೊವೇಸಿ ಕ್ಲಾರಿನೆಟ್‌ಗಳು, ಜಾನ್ನಿ ಕೋಶಾ ಅಕಾರ್ಡಿಯನ್. ಹೆಸರಿನ ರಚನೆ ಫಿಯೊರೆಂಜೊ ಕಾರ್ಪಿ ಅವರದು, ಇಟಲಿಯ ಟಿವಿಗಾಗಿ 1972ರಲ್ಲಿ ತಯಾರಾದ ಪಿನೋಕಿಯೋ ಧಾರಾವಾಹಿಯ ಸಂಗೀತದಿಂದ ತೆಗೆದದ್ದು. ಜೊತೆಗಿನ ಪುಸ್ತಿಕೆಗೆ ಬರೆದವರು ಕಾದಂಬರಿಕಾರ ಉಂಬೆರ್ಟೊ ಎಕೊ. ಕೋಶಾ ಮತ್ತು ಎಕೊ ಅಲೆಸಾಂಡ್ರಿಯಾ ಊರಿನ ಬಾಲ್ಯದ ಗೆಳೆಯರು. ಎಕೊ 2016ರಲ್ಲಿ ತೀರಿಕೊಂಡ ಮೇಲೆ, 2019ರಲ್ಲಿ, ಇದೇ ಜೋಡಿ ಅವರ ಒಂದು ಕಾದಂಬರಿಯನ್ನು ನೆನೆದು ಇನ್ನೊಂದು ಆಲ್ಬಂ ಮಾಡಿತು.

ಇಲ್ಲಿ ಆಧಾರ ಅಕಾರ್ಡಿಯನ್ನಿನ ಎಡಗೈಯಲ್ಲಿದೆ. ದೊಡ್ಡ ಅಕಾರ್ಡಿಯನ್ನಿನ ಎಡಬದಿಗೆ ಸಾಮಾನ್ಯವಾಗಿ 120 ಗುಂಡಿ, ಆರು ಸಾಲು, ಸಾಲಿಗೆ ಇಪ್ಪತ್ತು. ಮೊದಲ ಎರಡು ಸಾಲು ಬಿಡಿ ಬೇಸ್ ಸ್ವರಗಳು. ಉಳಿದ ನಾಲ್ಕು ಸಾಲಿನಲ್ಲಿ ಒಂದು ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ನುಡಿಯುತ್ತವೆ, ಅಂದರೆ ಸಿದ್ಧಪಡಿಸಿಟ್ಟ ಕಾರ್ಡ್. ಹೀಗಾಗಿ ಆಧಾರ ಎಲ್ಲಿಗೆ ಸರಿಯಿತು ಎಂಬುದು ಪ್ರತಿ ಬಾರ್‌ನಲ್ಲೂ ಖಚಿತವಾಗಿ ಕೇಳುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಒಂದು ರಚನೆಯನ್ನು ಎರಡು ಸಲ ಕೇಳಿ. ಮೊದಲ ಸಲ ಕ್ಲಾರಿನೆಟ್ ಮರೆತು ಎಡಗೈಯ ಬೇಸ್ ಸ್ವರಗಳನ್ನಷ್ಟೇ ಬಾಯಲ್ಲಿ ಗುನುಗಿ. ಎರಡನೆಯ ಸಲ ಕ್ಲಾರಿನೆಟ್ ಆ ಸ್ವರದ ಮೇಲೆ ಎಲ್ಲಿ ನೆಲೆ ನಿಲ್ಲುತ್ತದೆ, ಎಲ್ಲಿ ಬೇಕೆಂದೇ ಪಕ್ಕಕ್ಕೆ ಸರಿಯುತ್ತದೆ ಗಮನಿಸಿ. ಮನೋಧರ್ಮವೆಲ್ಲ ಆ ಪಕ್ಕಕ್ಕೆ ಸರಿಯುವುದರಲ್ಲಿದೆ.

ಈ ಜೋಡಿಯ ತೊಡಕು ಶ್ರುತಿಯದು. ಅಕಾರ್ಡಿಯನ್ನಿನ ರೀಡುಗಳು ಲೋಹದ ಪಟ್ಟಿಗಳು. ಅವುಗಳ ಶ್ರುತಿಯನ್ನು ಅರೆದು ಸರಿಪಡಿಸಬೇಕು, ಆ ದಿನ ಆ ಹೊತ್ತಿಗೆ ತಿರುಗಿಸುವ ಬಿರಡೆ ಇಲ್ಲ. ಊದುವ ವಾದ್ಯದ ಶ್ರುತಿ ಒಳಗಿನ ಗಾಳಿಯ ಬಿಸಿಯನ್ನು ಅವಲಂಬಿಸಿದೆ: ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 3 ಸೆಂಟ್ ಮೇಲಕ್ಕೆ (ಒಂದು ಅರ್ಧಸ್ವರಕ್ಕೆ 100 ಸೆಂಟ್). ತಣ್ಣಗಿದ್ದ ವಾದ್ಯ ಬಿಸಿಯಾಗುವಷ್ಟರಲ್ಲಿ ಹತ್ತು ಹದಿನೈದು ಸೆಂಟ್ ಮೇಲೇರುವುದು ಸಹಜ. ಅಕಾರ್ಡಿಯನ್ ಕೆಳಗಿಳಿದು ಬರುವುದಿಲ್ಲ, ಆದ್ದರಿಂದ ಕ್ಲಾರಿನೆಟ್ಟೇ ಬಗ್ಗಬೇಕು. ಮೌತ್‌ಪೀಸಿನ ಕೆಳಗಿನ ಬ್ಯಾರೆಲ್ ಎಂಬ ತುಂಡನ್ನು ಒಂದೆರಡು ಮಿಲಿಮೀಟರ್ ಹೊರಗೆಳೆದರೆ ಶ್ರುತಿ ಇಳಿಯುತ್ತದೆ. ಎಲ್ಲ ಸ್ವರಗಳೂ ಒಂದೇ ಸಮ ಇಳಿಯುವುದಿಲ್ಲ ಎನ್ನುವುದೇ ಗೋಳು. ಬೆರಳುಗಳೆಲ್ಲ ಎತ್ತಿರುವ, ಕೊಳವೆಯ ಮೇಲ್ಭಾಗ ಮಾತ್ರ ನುಡಿಯುವ ಸ್ವರಗಳಲ್ಲಿ ಆ ಎರಡು ಮಿಲಿಮೀಟರ್ ಒಟ್ಟು ಉದ್ದದ ದೊಡ್ಡ ಪಾಲು, ಹಾಗಾಗಿ ಅವು ಹೆಚ್ಚು ಇಳಿಯುತ್ತವೆ. ಉದ್ದ ಕೊಳವೆಯ ತಗ್ಗು ಸ್ವರಗಳು ಹೆಚ್ಚುಕಡಿಮೆ ಅಲ್ಲೇ ಇರುತ್ತವೆ. ಉಳಿದ ವ್ಯತ್ಯಾಸವನ್ನು ತುಟಿಯೇ ತುಂಬಬೇಕು. ಅಕಾರ್ಡಿಯನ್ ಮತ್ತು ಕ್ಲಾರಿನೆಟ್ ಒಂದೇ ಸ್ವರವನ್ನು ನೀಳವಾಗಿ ಹಿಡಿದಾಗ ಅಲೆಯಲೆಯಾದ ಕಂಪನ ಕೇಳದಿದ್ದರೆ ಆ ತುಟಿ ಕೆಲಸ ಮಾಡುತ್ತಿದೆ ಎಂದರ್ಥ. (ಅಕಾರ್ಡಿಯನ್ನಿನಲ್ಲೇ ಜೋಡಿ ರೀಡುಗಳನ್ನು ತುಸು ಬೇರೆ ಶ್ರುತಿಗೆ ಇಟ್ಟು ಕಂಪನ ಹುಟ್ಟಿಸುವ ಸ್ವಿಚ್ಚೂ ಇರುತ್ತದೆ, ಅದನ್ನು ಇದರ ಜೊತೆ ಬೆರೆಸಿಕೊಳ್ಳಬಾರದು.)

ಇದೇ ಜೋಡಿ 1995ರಲ್ಲಿ ‘ರಾದೀಚಿ’, 2005ರಲ್ಲಿ ಕುರ್ಟ್ ವೈಲ್ ಸಂಗೀತದ ಸುತ್ತ ಒಂದು, 2011ರಲ್ಲಿ ಆಫೆನ್‌ಬಾಖ್ ಸುತ್ತ ಒಂದು ಆಲ್ಬಂ ಮಾಡಿದೆ. ವೈಲ್ ಆಲ್ಬಂ ಒಂದೇ ಸಲ ಪೂರ್ತಿ ಕೇಳುವುದಕ್ಕೆ ಸ್ವಲ್ಪ ಉದ್ದವಾಯಿತು, ಎರಡು ಕಂತಿನಲ್ಲಿ ಕೇಳುವುದು ಮೇಲು.

ಪಿಯಾನೊ ಇಲ್ಲದ ಎಂಟು ಮಂದಿ

ಟ್ರೊವೇಸಿ ಅವರ ಅಸಲಿ ಕಸುಬು ಗೊತ್ತಾಗುವುದು ಎಂಟು ಮಂದಿಯ ತಂಡವಾದ ಆಕ್ಟೆಟ್‌ನಲ್ಲಿ. ಮಿಲಾನಿನ ಸೋಲ್ ನೋಟ್ ಕಂಪನಿಗೆ ಮಾಡಿದ ‘ಫ್ರಂ ಜಿ ಟು ಜಿ’ (1992) ಮತ್ತು ‘ಲೆಜೊಮ್ ಆರ್ಮೆ’ (1996), ಆಮೇಲೆ ಇಸಿಎಂನ ‘ಫುಗಾಚೆ’ (2003). ತಂಡದ ಕಟ್ಟು ವಿಚಿತ್ರ: ಒಂದು ಟ್ರಂಪೆಟ್, ಒಂದು ಟ್ರೊಂಬೋನ್, ಒಂದು ಚೆಲ್ಲೋ, ಎರಡು ಡಬಲ್ ಬೇಸ್, ಒಂದು ಡ್ರಮ್ಸ್, ಇನ್ನೊಂದು ಪರ್ಕಷನ್, ಮತ್ತು ಟ್ರೊವೇಸಿ. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಕಾರ್ಡ್ ಕೊಡಲೆಂದೇ ಇರುವ ವಾದ್ಯ ಒಂದೂ ಇಲ್ಲ.

ಹಾಗಾದರೆ ಆಧಾರ ಎಲ್ಲಿ? ಹಂಚಿಹೋಗಿದೆ. ಒಬ್ಬ ಬೇಸ್ ವಾದಕ ಬೆರಳಿನಿಂದ ಮೀಟುತ್ತ ನಡೆಯುವಾಗ ಇನ್ನೊಬ್ಬ ಕಮಾನಿನಿಂದ ಒಂದು ಸ್ವರ ಎಳೆದಿಡುತ್ತಾನೆ. ಚೆಲ್ಲೋ ಮೂರನೆಯ ಸ್ವರ ಸೇರಿಸುತ್ತದೆ, ಟ್ರೊಂಬೋನ್ ನಾಲ್ಕನೆಯದು. ನಾಲ್ವರೂ ತಮ್ಮ ತಮ್ಮ ಸಾಲನ್ನು ನುಡಿಸುತ್ತಿರುವಾಗ ಆ ಸಾಲುಗಳು ಒಂದನ್ನೊಂದು ಹಾಯುವ ಕ್ಷಣದಲ್ಲಿ ಕಾರ್ಡ್ ಹುಟ್ಟುತ್ತದೆ, ಮರುಕ್ಷಣ ಮಾಯ. ಹಳೆಯ ಚರ್ಚ್ ಸಂಗೀತದ ಬಹುದನಿಯ ಹೆಣಿಗೆ ಇರುವುದೂ ಹೀಗೆಯೇ. ‘ಲೆಜೊಮ್ ಆರ್ಮೆ’ ಎಂಬ ಹೆಸರು ನೆನಪಿಸುವುದು ಹದಿನೈದನೆಯ ಶತಮಾನದ ಒಂದು ಯುದ್ಧದ ಹಾಡನ್ನು. ಆ ಒಂದು ಮಟ್ಟನ್ನು ತಳದಲ್ಲಿಟ್ಟುಕೊಂಡು ಯೂರೋಪಿನ ವಾಗ್ಗೇಯಕಾರರು 40ಕ್ಕೂ ಹೆಚ್ಚು ಪೂಜಾಸಂಗೀತಗಳನ್ನು ಕಟ್ಟಿದ್ದಾರೆ.

ಪಿಯಾನೊ ಇಲ್ಲದ್ದರಿಂದ ಏಕವಾದಕನಿಗೆ ದಕ್ಕುವ ಸ್ವಾತಂತ್ರ್ಯ ದೊಡ್ಡದು. ಪಿಯಾನೊ ಒಂದು ಕಾರ್ಡ್ ಬಾರಿಸಿದ ಮೇಲೆ ಗಾಂಧಾರ ಕೋಮಲವೋ ತೀವ್ರವೋ ತೀರ್ಮಾನವಾಗಿಹೋಯಿತು. ಸ್ಯಾಕ್ಸೋಫೋನು ಅದಕ್ಕೆ ವಿರುದ್ಧ ನುಡಿಸಿದರೆ ತಪ್ಪಿನಂತೆ ಕೇಳುತ್ತದೆ. ಬರಿಯ ಬೇಸ್ ಸ್ವರ ಇದ್ದಾಗ ಗಾಂಧಾರ ಇನ್ನೂ ಖಾಲಿ. ಟ್ರೊವೇಸಿ ಎರಡರ ನಡುವಿನ ಬ್ಲೂಸ್ ಗಾಂಧಾರವನ್ನು ಅಲ್ಲಿ ಕೂರಿಸಬಹುದು, ಯಾರೂ ಅಡ್ಡ ಬರುವುದಿಲ್ಲ. ಅಪಾಯವೂ ಇಲ್ಲೇ. ಒಬ್ಬ ಬೇಸ್ ವಾದಕ ಒಂದು ಬಾರ್ ಮುಂದೆ ಹೋದರೆ ಎಂಟೂ ಮಂದಿ ಎಲ್ಲಿದ್ದೇವೆಂದು ಹುಡುಕಬೇಕಾಗುತ್ತದೆ, ತೋರಿಸಿಕೊಡಲು ಪಿಯಾನೊ ಇಲ್ಲ. ಅದಕ್ಕೇ ಇಂಥ ರಚನೆಗಳಲ್ಲಿ ಬರೆದಿಟ್ಟ ಭಾಗ ಮತ್ತೆ ಮತ್ತೆ ಬರುತ್ತದೆ, ಎಲ್ಲರೂ ಸೇರುವ ಕಟ್ಟೆಯಂತೆ. ‘ಫುಗಾಚೆ’ಯಲ್ಲಿ ದೊಡ್ಡ ರಚನೆಗಳ ನಡುವೆ ‘ಸಿಪಾರಿಯೆತ್ತೊ’ ಎಂಬ ಚುಟುಕು ತುಣುಕುಗಳನ್ನೂ ಇಟ್ಟಿದ್ದಾರೆ, ನಾಟಕದ ಎರಡು ದೃಶ್ಯಗಳ ನಡುವೆ ಪರದೆಯ ಮುಂದೆ ನಡೆಯುವ ಪ್ರಸಂಗದ ಹಾಗೆ. ಕೊನೆಯ ‘ತೋತೋ ನೇಯಿ ಕರಾಯಿಬಿ’ಯ ಹೆಸರಿನಲ್ಲಿರುವುದು ಇಟಲಿಯ ಹಾಸ್ಯನಟ ತೋತೋ. ಎಂಟು ಮಂದಿಯ ಈ ಮೂರು ಆಲ್ಬಂಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ‘ಫ್ರಂ ಜಿ ಟು ಜಿ’ ಕೊಳ್ಳಿ. ‘ಫುಗಾಚೆ’ ಹೆಚ್ಚು ನಯವಾಗಿದೆ, ಆ ನಯದಲ್ಲಿ ಸ್ವಲ್ಪ ಖಾರ ಕಡಿಮೆಯಾಗಿದೆ.

ಈ ಆಲ್ಬಂಗಳನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ಇದೇನು ಗಲಾಟೆ ಅನ್ನುವವರು ಬಹಳ. ತಪ್ಪು ಅವರದ್ದಲ್ಲ. ಡಬಲ್ ಬೇಸಿನ ಅತಿ ತಗ್ಗಿನ ತಂತಿ 41 ಹರ್ಟ್ಜ್, ಮೇಲಿನ ತಂತಿಯೇ 98. ಫೋನಿನ ಪುಟ್ಟ ಸ್ಪೀಕರು ಸುಮಾರು 300 ಹರ್ಟ್ಜ್ ಕೆಳಗೆ ಬಲ ಕಳೆದುಕೊಳ್ಳುತ್ತದೆ. ಒಂದೇ ಬೇಸ್ ಇದ್ದರೆ ಅದರ ಮೇಲಿನ ಅನುಸ್ವರಗಳನ್ನು (ಮೂಲಸ್ವರದ ಜೊತೆಗೇ ಮೇಲೆ ಹುಟ್ಟುವ ಸಣ್ಣ ಸ್ವರಗಳನ್ನು) ಹಿಡಿದು ಕಿವಿ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಎರಡು ಬೇಸ್ ಬೇರೆ ಬೇರೆ ನುಡಿಸುವಾಗ, ಮೇಲೊಂದು ಚೆಲ್ಲೋ ಇರುವಾಗ ಆ ಊಹೆ ಕೈಕೊಡುತ್ತದೆ. ಪಿಯಾನೊ ಇರುವ ತಂಡದಲ್ಲಿ ಬೇಸ್ ಹೋದರೂ ಕಾರ್ಡ್ ಉಳಿಯುತ್ತದೆ. ಇಲ್ಲಿ ಬೇಸ್ ಹೋದರೆ ಆಧಾರವೇ ಹೋಯಿತು. ಸಾಧಾರಣ ಇಯರ್‌ಫೋನು ಸಾಕು, ಆದರೆ ಕಿವಿಗೆ ಗಾಳಿ ಸೋರದಂತೆ ಕೂರಬೇಕು. ಸಡಿಲವಾದರೆ ಮೊದಲು ಸೋರಿಹೋಗುವುದು ಬೇಸೇ.

ಮೂರು ವಾದ್ಯ, ಒಂದೇ ಶ್ರುತಿ

2008ರಲ್ಲಿ ಬಂದ ‘ಪ್ರೊಫೂಮೊ ದಿ ವಿಯೊಲೆಟ್ಟಾ’ದಲ್ಲಿ ಆಧಾರ ಇಡೀ ಬ್ಯಾಂಡಿನದು. ಫಿಲಾರ್ಮೊನಿಕಾ ಮೂಸಿಕೆ ಎಂಬ ಊದುವಾದ್ಯಗಳ ತಂಡ, ನಿರ್ದೇಶನ ಸಾವಿನೊ ಅಕ್ವಾವಿವಾ. ಧ್ವನಿಮುದ್ರಣ ಮನೆಮನೆಗೆ ಬರುವ ಮುನ್ನ ಇಟಲಿಯ ಸಣ್ಣ ಊರಿನವರು ಒಪೆರಾ ಕೇಳಿದ್ದು ಹೆಚ್ಚಾಗಿ ಊರ ಚೌಕದಲ್ಲಿ ನುಡಿಸುವ ಇಂಥ ಬ್ಯಾಂಡಿನಿಂದ. ಪಿಟೀಲಿನ ಸಾಲು ಕ್ಲಾರಿನೆಟ್‌ಗಳಿಗೆ, ಗಾಯಕರ ಸಾಲು ಫ್ಲಿಕೊರ್ನೊ ಎಂಬ ಹಿತ್ತಾಳೆ ವಾದ್ಯಕ್ಕೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಕೇಳಿ ಕದ್ರಿಯವರು ಮರುಳಾದದ್ದು ಗೊತ್ತಿದ್ದವರಿಗೆ ಬ್ಯಾಂಡು ಎಂಥ ಪಾಠಶಾಲೆ ಎಂದು ಬೇರೆ ಹೇಳಬೇಕಿಲ್ಲ. ಆಲ್ಬಂ ಮೊಂಟೆವೆರ್ಡಿಯ ‘ಓರ್ಫೆಯೊ’ (1607) ಒಪೆರಾದ ಕಹಳೆಯಿಂದ ಶುರುವಾಗಿ, ಪೆರ್ಗೊಲೇಸಿ, ವೆರ್ಡಿಯ ‘ಲಾ ತ್ರಾವಿಯಾತಾ’ (1853), ರೊಸ್ಸಿನಿ, ಪುಚ್ಚೀನಿ, ಮಸ್ಕಾಞಿವರೆಗೆ ಹೋಗುತ್ತದೆ. ವಿಯೊಲೆಟ್ಟಾ ತ್ರಾವಿಯಾತಾದ ನಾಯಕಿ.

ಇದರಲ್ಲಿ ಟ್ರೊವೇಸಿ ನುಡಿಸುವುದು ಪಿಕೊಲೊ ಕ್ಲಾರಿನೆಟ್, ಆಲ್ಟೊ ಕ್ಲಾರಿನೆಟ್, ಆಲ್ಟೊ ಸ್ಯಾಕ್ಸೋಫೋನು. ಮೂರೂ ಇ ಫ್ಲ್ಯಾಟ್ ವಾದ್ಯಗಳು, ಅಂದರೆ ಹಾಳೆಯಲ್ಲಿ ಸಿ ಎಂದು ಬರೆದದ್ದನ್ನು ನುಡಿಸಿದರೆ ಹೊರಡುವುದು ಹಾರ್ಮೋನಿಯಂನ ಕಪ್ಪು ಎರಡು. ಎರಡು ಕ್ಲಾರಿನೆಟ್‌ಗಳ ನಡುವೆ ಸರಿಯಾಗಿ ಒಂದು ಸ್ಥಾಯಿಯ ಅಂತರ. ಒಂದೇ ಹಾಳೆ ಮೂರಕ್ಕೂ ನಡೆಯುತ್ತದೆ. ಬ್ಯಾಂಡಿನ ಉಳಿದ ವಾದ್ಯಗಳೂ ಹೆಚ್ಚಿನವು ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಶ್ರುತಿಯವು, ಆದ್ದರಿಂದ ಎಲ್ಲರ ಬೆರಳಿಗೂ ಹಿತವಾದ ಶ್ರುತಿಗಳು ಒಂದೇ ಕಡೆ ಬೀಳುತ್ತವೆ. ಪಿಟೀಲಿನವರ ಜೊತೆ ಹೀಗಲ್ಲ. ಅವರಿಗೆ ಸುಲಭವಾದ ಡಿ ಮೇಜರ್‌ನಲ್ಲಿ ಎರಡು ಶಾರ್ಪ್ (ಸ್ವರವನ್ನು ಅರ್ಧಸ್ವರ ಏರಿಸುವ ಗುರುತು) ಇದ್ದರೆ, ಆಲ್ಟೊ ಸ್ಯಾಕ್ಸೋಫೋನಿನ ಹಾಳೆಯಲ್ಲಿ ಅದು ಐದು ಶಾರ್ಪ್ ಆಗುತ್ತದೆ.

ಮೂರು ವಾದ್ಯ ಯಾಕೆ ಬೇಕು? ಆಲ್ಟೊ ಸ್ಯಾಕ್ಸೋಫೋನಿನ ಮಾಮೂಲಿ ಹರವು ಸುಮಾರು 139ರಿಂದ 831 ಹರ್ಟ್ಜ್. ತ್ರಾವಿಯಾತಾದ ನಾಯಕಿ ಏರುವ ಮೇಲಿನ ಸಿ 1047 ಹರ್ಟ್ಜ್, ಅಂದರೆ ಸ್ಯಾಕ್ಸೋಫೋನಿನ ಕೀಲಿಗಳು ಮುಗಿದ ಮೇಲೆ ಇನ್ನೂ ನಾಲ್ಕು ಅರ್ಧಸ್ವರ. ಅಲ್ಲಿಗೆ ಹೋಗಲು ವಿಶೇಷ ಬೆರಳುಪಟ್ಟು, ಗಂಟಲಿನ ಆಕಾರ ಬದಲಿಸುವ ಅಭ್ಯಾಸ ಬೇಕು, ದನಿಯೂ ಕಿರುಚುಗಟ್ಟುತ್ತದೆ. ಪಿಕೊಲೊ ಕ್ಲಾರಿನೆಟ್‌ಗೆ ಆ ಎತ್ತರ ಹಿತ್ತಿಲಿದ್ದಂತೆ.

ವಾದ್ಯ ಬದಲಾದದ್ದು ಕಿವಿಗೆ ಹೇಗೆ ಗೊತ್ತಾಗಬೇಕು? ಸ್ಯಾಕ್ಸೋಫೋನಿನ ಕೊಳವೆ ಶಂಕುವಿನಂತೆ ಅಗಲವಾಗುತ್ತ ಹೋಗುತ್ತದೆ. ಮೇಲಿನ ಕೀಲಿ ಒತ್ತಿದರೆ ಅದೇ ಬೆರಳಿಗೆ ಒಂದು ಸ್ಥಾಯಿ ಮೇಲಿನ ಸ್ವರ. ಕ್ಲಾರಿನೆಟ್ಟಿನ ಕೊಳವೆ ಬಹುಪಾಲು ಒಂದೇ ಅಗಲ, ಒಂದು ತುದಿ ಬಾಯಿಂದ ಮುಚ್ಚಿರುತ್ತದೆ. ಅದರ ತಗ್ಗು ಸ್ವರಗಳಲ್ಲಿ ಬೆಸ ಅನುಸ್ವರಗಳೇ ಜೋರು, ಆದ್ದರಿಂದ ಟೊಳ್ಳಾದ ಮರದ ನಾದ. ಕೀಲಿ ಒತ್ತಿದರೆ ಸ್ವರ ಜಿಗಿಯುವುದು ಒಂದು ಸ್ಥಾಯಿಯನ್ನೂ ದಾಟಿ ಮೇಲಿನ ಪಂಚಮಕ್ಕೆ, ಹತ್ತೊಂಬತ್ತು ಅರ್ಧಸ್ವರ. ಎಡಗೈಯ ಮೂರು ಬೆರಳಿಟ್ಟರೆ ಸ್ಯಾಕ್ಸೋಫೋನಿನಲ್ಲಿ ಎರಡು ಸ್ಥಾಯಿಯಲ್ಲೂ ಜಿ. ಕ್ಲಾರಿನೆಟ್ಟಿನಲ್ಲಿ ಅದೇ ಬೆರಳಿಗೆ ಕೆಳಗೆ ಸಿ, ಮೇಲೆ ಜಿ. ತಲೆಯೊಳಗೆ ಎರಡು ನಕ್ಷೆ ಇಟ್ಟುಕೊಂಡು ಒಂದೇ ಹಾಡಿನಲ್ಲಿ ಅತ್ತಿಂದಿತ್ತ ಓಡಾಡಬೇಕು. ತುಟಿಗೂ ಹೀಗೇ. ಕ್ಲಾರಿನೆಟ್‌ಗೆ ಬೇಕಾದ ಬಿಗಿ ಹಿಡಿತದಲ್ಲೇ ಸ್ಯಾಕ್ಸೋಫೋನು ಊದಿದರೆ ಶ್ರುತಿ ಏರುತ್ತದೆ, ದನಿ ಬಡಕಲಾಗುತ್ತದೆ. ಸ್ಯಾಕ್ಸೋಫೋನಿನ ಸಡಿಲದಲ್ಲಿ ಕ್ಲಾರಿನೆಟ್ ಊದಿದರೆ ಮೇಲಿನ ಸ್ವರಗಳು ಕುಸಿಯುತ್ತವೆ. ಪಕ್ಕಕ್ಕಿಟ್ಟ ವಾದ್ಯದ ರೀಡು (ಇದು ಲೋಹದ್ದಲ್ಲ, ಜೊಂಡಿನ ಪಟ್ಟಿ) ಕೆಲವೇ ನಿಮಿಷದಲ್ಲಿ ಒಣಗಿ ತುದಿ ಅಲೆಯಾಗುತ್ತದೆ, ಮೌತ್‌ಪೀಸಿಗೆ ಸರಿಯಾಗಿ ಕೂರದೆ ಮೊದಲ ಸ್ವರವೇ ಕೀರಲು ಹೊಡೆಯುತ್ತದೆ. ಮೌತ್‌ಪೀಸಿಗೆ ಮುಚ್ಚಳ ಹಾಕಿಡುವುದು, ಎತ್ತಿಕೊಂಡ ಕೂಡಲೇ ನಾಲಿಗೆಯಿಂದ ರೀಡು ಒದ್ದೆ ಮಾಡುವುದು ಇದಕ್ಕೇ.

ಧ್ವನಿಮುದ್ರಣ ಮಾಡುವವರ ಕಷ್ಟವೂ ಸಣ್ಣದಲ್ಲ. ಸ್ಯಾಕ್ಸೋಫೋನಿನ ದನಿ ಹೊರಡುವುದು ಬಾಯಗಲದ ಗಂಟೆಯಿಂದ ಎಂದುಕೊಂಡು ಮೈಕನ್ನು ಅಲ್ಲೇ ಇಟ್ಟರೆ, ಎಲ್ಲ ರಂಧ್ರ ಮುಚ್ಚಿದ ತಗ್ಗು ಸ್ವರಗಳು ಮಾತ್ರ ಗುಂಯ್ ಎನ್ನುತ್ತವೆ, ನಡುವಿನವು ತೆಳುವಾಗುತ್ತವೆ. ನಿಜಕ್ಕೂ ಹೆಚ್ಚಿನ ಸ್ವರಗಳು ಹೊರಬರುವುದು ಮೊದಲು ತೆರೆದ ಒಂದೆರಡು ರಂಧ್ರಗಳಿಂದ. ಆದ್ದರಿಂದ 40ರಿಂದ 60 ಸೆಂಟಿಮೀಟರ್ ದೂರದಲ್ಲಿ, ಬಲಗೈ ಕೀಲಿಗಳ ಕಡೆಗೆ ಮುಖಮಾಡಿ ಇಡುವುದು ವಾಡಿಕೆ. ಕ್ಲಾರಿನೆಟ್‌ಗೂ ಅದೇ ಲೆಕ್ಕ. ಬ್ಯಾಂಡಿನ ಜೊತೆಗಾದರೆ ನಿರ್ದೇಶಕರ ತಲೆಯ ಮೇಲೊಂದು ಮೈಕ್ ಜೋಡಿ, ಏಕವಾದಕನಿಗೆ ಪ್ರತ್ಯೇಕ ಮೈಕ್. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ, ಅಂದರೆ ನಾಲ್ಕು ಮೀಟರ್ ಆಚೆಗಿನ ಮೈಕಿಗೆ ದನಿ 12 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಹತ್ತಿರದ ಮೈಕನ್ನು ಅಷ್ಟು ತಡಮಾಡದೆ ಬೆರೆಸಿದರೆ ಏಕವಾದಕ ಬೇರೆ ಕೋಣೆಯಲ್ಲಿ ನಿಂತಂತೆ ಕೇಳುತ್ತಾನೆ.

ಇಟಲಿ, ಸ್ಯಾಕ್ಸೋಫೋನು, ಕರ್ನಾಟಕ ಎಂದು ಹುಡುಕುವವರಿಗೆ ಇನ್ನೊಂದು ಹೆಸರು ಎದುರಾಗುತ್ತದೆ, ರುದ್ರೇಶ್ ಮಹಾಂತಪ್ಪ. ಇಟಲಿಯ ತ್ರಿಯೆಸ್ತೆಯಲ್ಲಿ 1971ರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಆಲ್ಟೊ ವಾದಕ. 2008ರ ‘ಕಿನ್ಸ್‌ಮೆನ್’ ಆಲ್ಬಂನಲ್ಲಿ ಕದ್ರಿಯವರ ಜೊತೆ ನುಡಿಸಿದ್ದಾರೆ. ಟ್ರೊವೇಸಿ ಕೇಳಿದ ಕಿವಿಯಲ್ಲೇ ಅದನ್ನೂ ಕೇಳಿದರೆ, ನಿಂತ ಷಡ್ಜ ಮತ್ತು ಚಲಿಸುವ ಆಧಾರ ಒಂದೇ ತಂಡದಲ್ಲಿ ಹೇಗೆ ಹೊಂದಿಕೊಳ್ಳುತ್ತವೆ ಎಂಬುದು ಸಿಗುತ್ತದೆ.

ಇಸಿಎಂ ಆಲ್ಬಂಗಳು 2017ರ ನವೆಂಬರಿನಿಂದ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತಿವೆ. ‘ಪ್ರೊಫೂಮೊ’ ಕೇಳುವ ಮುಂಚೆ ಆ್ಯಪ್‌ನಲ್ಲಿ ಮೂರು ಸೆಟ್ಟಿಂಗ್ ನೋಡಿಕೊಳ್ಳಿ. ಷಫಲ್ ಬೇಡ, ಯಾಕೆಂದರೆ ತುಣುಕುಗಳು ಒಪೆರಾದ ಅಂಕಗಳಂತೆ ಸಾಲಾಗಿ ಜೋಡಿಸಿದವು. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಒಂದು ತುಣುಕಿನ ಕೊನೆಯ ಸ್ವರದ ಮೇಲೆ ಮುಂದಿನದರ ಕಹಳೆ ಬಂದು ಕೂರುತ್ತದೆ. ದನಿ ಸಮಮಾಡುವ ಸೌಲಭ್ಯವನ್ನು ಆಫ್ ಮಾಡಿ, ಅಥವಾ ಆಲ್ಬಂ ಲೆಕ್ಕಕ್ಕೆ ಇಡಿ. ಹಾಡಿನ ಲೆಕ್ಕಕ್ಕಿಟ್ಟರೆ ಒಂಟಿ ಆಲ್ಟೊ ಕ್ಲಾರಿನೆಟ್ಟನ್ನೂ ಇಡೀ ಬ್ಯಾಂಡನ್ನೂ ಅದು ಒಂದೇ ಜೋರಿಗೆ ತಂದು ನಿಲ್ಲಿಸಿಬಿಡುತ್ತದೆ.